ಪೇಪರ್ ಸೇತುವೆ ನಡುವಿನಲ್ಲೇ ಮಡಚಿಕೊಳ್ಳುವುದೇಕೆ?

ಪ್ರಶ್ನೆ: ಮಗಳ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹಳೇ ಪೇಪರ್ ಸುತ್ತಿ ಸೇತುವೆ ಮಾಡಿದೆವು. ಭಾರ ಇಟ್ಟ ಕೂಡಲೇ ನಡುವೆ ಮಡಚಿಕೊಳ್ಳುತ್ತದೆ. ಕೊಳವೆಗಳನ್ನು ಇನ್ನೂ ದಪ್ಪ ಸುತ್ತಬೇಕೇ?

ಉತ್ತರ: ಬೇಡ. ಕೊಳವೆಯನ್ನು ಉದ್ದಕ್ಕೆ ಎಳೆದು ನೋಡಿ, ಸುಲಭಕ್ಕೆ ಹರಿಯದು. ಅಡ್ಡ ಮಲಗಿಸಿ ನಡುವೆ ಒತ್ತಿದರೆ ತಕ್ಷಣ ಬಾಗುತ್ತದೆ. ಆದ್ದರಿಂದ ಪ್ರತಿ ಕೊಳವೆಗೂ ಎಳೆತ ಅಥವಾ ಒತ್ತಡ ಉದ್ದಕ್ಕೇ ಬರುವಂತೆ, ತ್ರಿಕೋನಗಳಲ್ಲಿ ಕಟ್ಟಬೇಕು.

60 ಸೆಂ.ಮೀ. ಸೇತುವೆಗೆ 15 ಸೆಂ.ಮೀ. ಬದಿಯ ಸಮಬಾಹು ತ್ರಿಕೋನಗಳು ಸಾಕು. ಒಂದು ಪಕ್ಕಕ್ಕೆ ಕೆಳಗೆ 4, ಮೇಲೆ 3, ಓರೆಯಾಗಿ 8, ಒಟ್ಟು 15 ಕೊಳವೆ. ಎರಡು ಪಕ್ಕಕ್ಕೆ 30. ದಿನಪತ್ರಿಕೆಯ ಒಂದು ಪುಟವನ್ನು ಹೆಣಿಗೆ ಕಡ್ಡಿಗೆ ಬಿಗಿಯಾಗಿ ಸುತ್ತಿ, ಕೊನೆಯ ಅರ್ಧಕ್ಕೆ ಮೈದಾ ಅಂಟು ತೆಳುವಾಗಿ ಸವರಿ. ಅಂಟು ಜಾಸ್ತಿಯಾದರೆ ಕಾಗದ ನೆನೆದು ಮೆತ್ತಗಾಗುತ್ತದೆ. ಕಡ್ಡಿ ಎಳೆದು ತೆಗೆದು ಒಂದು ದಿನ ಪೂರ್ತಿ ಒಣಗಿಸಿ, 13 ಸೆಂ.ಮೀ.ಗೆ ಕತ್ತರಿಸಿ. ಸಂದಿನಲ್ಲಿ ತುದಿಗಳು ಒಂದರ ಮೇಲೊಂದು ಏರದಿರಲೆಂದು ಎರಡೂ ಕಡೆ 1 ಸೆಂ.ಮೀ. ಬಿಟ್ಟದ್ದು.

ಸಾಮಾನ್ಯವಾಗಿ ಕೈಕೊಡುವುದು ಸಂದು. ದುಂಡಗಿನ ಕೊಳವೆಗೆ ಅಂಟು ಒಂದೇ ಗೆರೆಯಲ್ಲಿ ತಾಗುವುದರಿಂದ ಬೇಗ ಜಾರುತ್ತದೆ. ತುದಿಯ 2 ಸೆಂ.ಮೀ. ಚಪ್ಪಟೆ ಮಾಡಿ, ಹಳೇ ಲಗ್ನಪತ್ರಿಕೆಯ ದಪ್ಪ ಕಾರ್ಡಿನ 8×5 ಸೆಂ.ಮೀ. ತುಂಡುಗಳನ್ನು ಎರಡೂ ಬದಿಗೆ ಅಂಟಿಸಿ, ಪುಸ್ತಕದಡಿ ಒತ್ತಿಡಿ.

ಎರಡು ಪಕ್ಕಗಳ ನಡುವೆ 12 ಸೆಂ.ಮೀ. ಅಡ್ಡಕೊಳವೆ: ಕೆಳಗೆ 5, ಮೇಲೆ 4. ಮೇಲಿನ ಪ್ರತಿ ಚೌಕದಲ್ಲೂ ಗುಣಿಸು ಚಿಹ್ನೆಯಂತೆ ಕಾಗದದ ಪಟ್ಟಿ ಅಂಟಿಸಲೇಬೇಕು. ನಡುವೆ 10 ಕೆ.ಜಿ. ತೂಗಿದರೆ ಮೇಲಿನ ನಡುಕೊಳವೆ ಒಂದೊಂದರ ಮೇಲೂ ಸುಮಾರು 5.8 ಕೆ.ಜಿ. ಒತ್ತಡ ಬೀಳುತ್ತದೆ, ಪಟ್ಟಿ ಇಲ್ಲದಿದ್ದರೆ ಮೇಲಿನ ಸಾಲು ಪಕ್ಕಕ್ಕೆ ವಾಲಿ ಎಲ್ಲವೂ ಮಗುಚುತ್ತದೆ. ಸೇತುವೆಯ ಎತ್ತರ ಅರ್ಧ ಮಾಡಿದರೆ ಈ ಒತ್ತಡ ಇಮ್ಮಡಿಯಾಗುತ್ತದೆ.

ಭಾರವನ್ನು ಕೆಳಗಿನ ನಡುಸಂದುಗಳಿಂದಲೇ ತೂಗುಹಾಕಿ, ಕೊಳವೆಯ ನಡುವಿನಿಂದ ಬೇಡ. ಒಂದು ಲೀಟರ್ ನೀರಿನ ಬಾಟಲಿ ಅಂದರೆ 1 ಕೆ.ಜಿ.; ಒಂದೊಂದಾಗಿ ಸೇರಿಸಿ. ಕೊಳವೆ ಬಿಲ್ಲಿನಂತೆ ಬಾಗಿದರೆ ಅದೊಂದಕ್ಕೆ ಮಾತ್ರ ಇನ್ನೊಂದು ಪುಟ ಸುತ್ತಿ. ಕಾರ್ಡಿನಿಂದ ತುದಿ ಜಾರಿದರೆ ಆ ಸಂದು ಇನ್ನೂ ಒಣಗಿಲ್ಲ.