ಫರ್ಮಾನ ಲೆಕ್ಕ ತಪ್ಪಿಸಿದ ಸಂಖ್ಯೆ

ಮೂವತ್ತೆರಡು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದಕ್ಕೆ 1 ಕೂಡಿಸಿ. ಸಿಗುವುದು 4,29,49,67,297. ನೋಡುವುದಕ್ಕೆ ಏನೂ ವಿಶೇಷವಿಲ್ಲ. ಆದರೆ ಸುಮಾರು ತೊಂಬತ್ತು ವರ್ಷ ಇದು ಅವಿಭಾಜ್ಯ ಸಂಖ್ಯೆಯ ವೇಷ ಹಾಕಿಕೊಂಡು ಓಡಾಡಿತ್ತು.

ವೇಷ ಹಾಕಿಸಿದವನು ಫ್ರಾನ್ಸಿನ ಗಣಿತಜ್ಞ ಪಿಯರ್ ದ ಫರ್ಮಾ. ಎರಡರ ಘಾತವನ್ನು 1, 2, 4, 8, 16 ಎಂದು ಇಮ್ಮಡಿಸುತ್ತಾ ಹೋಗಿ, ಪ್ರತಿ ಸಲ 1 ಕೂಡಿಸಿದರೆ 3, 5, 17, 257, 65537 ಬರುತ್ತವೆ. ಐದೂ ಅವಿಭಾಜ್ಯ. ಮುಂದಿನವೂ ಹಾಗೆಯೇ ಎಂದು ಅವನು 1640ರ ಸುಮಾರಿಗೆ ನಂಬಿದ, ಸಾಧಿಸಿ ತೋರಿಸಲಿಲ್ಲ. ಆರನೆಯದೇ ನಮ್ಮ ಸಂಖ್ಯೆ. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಅದನ್ನು ಒಡೆದಿಟ್ಟ: 641 × 67,00,417.

ಕಣ್ಣುಮುಚ್ಚಿ ಹುಡುಕಲು ಹೊರಟರೆ ವರ್ಗಮೂಲದವರೆಗಿನ 6,542 ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕಾದೀತು. ಅಷ್ಟೆಲ್ಲ ಬೇಕಿಲ್ಲ. ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಭಾಜಕವನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು ಎಂದು ಆಯ್ಲರನೇ ತೋರಿಸಿಕೊಟ್ಟ. ಅಂಥವು 193, 257, 449, 577, ಆಮೇಲೆ 641. ಐದನೆಯದಕ್ಕೇ ಬೇಟೆ ಸಿಕ್ಕಿತು! ಮುಂದೆ ಫ್ರೆಂಚ್ ಗಣಿತಜ್ಞ ಲ್ಯೂಕಾ ಆ 64ನ್ನು 128ಕ್ಕೆ ಏರಿಸಿದ. ಆಗ 641ಕ್ಕಿಂತ ಮೊದಲು ಉಳಿಯುವುದು 257 ಮಾತ್ರ. ಅದೂ ಫರ್ಮಾನ ಸರಣಿಯದೇ, ಆ ಸರಣಿಯ ಯಾವ ಎರಡು ಸಂಖ್ಯೆಗಳಿಗೂ 1ನ್ನು ಬಿಟ್ಟು ಸಾಮಾನ್ಯ ಭಾಜಕವಿಲ್ಲ. ಅಂದರೆ ಮೊದಲ ಭಾಗಾಕಾರವೇ ಕೊನೆಯದು.

ನಿಜ ಹೇಳಬೇಕೆಂದರೆ ಆ ಒಂದು ಭಾಗಾಕಾರವೂ ಬೇಡ. ನನಗೆ ಈ ಸಂಖ್ಯೆಯಲ್ಲಿ ತೀರಾ ಇಷ್ಟವಾದದ್ದು ಇದೇ. 641 = 5 × 2⁷ + 1. ಹಾಗಾಗಿ 641ರಿಂದ ಭಾಗಿಸುವಾಗ 5 × 2⁷ರ ಶೇಷವನ್ನು −1 ಎಂದುಕೊಳ್ಳಬಹುದು. ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸ರ ಶೇಷ 1. ಇತ್ತ 641 = 625 + 16, ಅಂದರೆ 5⁴ + 2⁴. ಆದ್ದರಿಂದ 5⁴ ಇದ್ದಲ್ಲಿ −2⁴ ಇಡಬಹುದು. ಇಟ್ಟರೆ −2³²ರ ಶೇಷ 1. 2³² + 1ರ ಶೇಷ ಸೊನ್ನೆ. ಮುಗಿಯಿತು.

ಫರ್ಮಾನಿಗೇ ಇದು ಸಿಗಬಹುದಿತ್ತು. ಒಂದು ಸಂಖ್ಯೆ ಅವಿಭಾಜ್ಯವಾಗಿದ್ದರೆ, ಅದು ಭಾಗಿಸದ ಯಾವ ಸಂಖ್ಯೆಯನ್ನೇ ಆಗಲಿ ಅದಕ್ಕಿಂತ ಒಂದು ಕಡಿಮೆ ಘಾತಕ್ಕೆ ಏರಿಸಿ ಅದರಿಂದಲೇ ಭಾಗಿಸಿದಾಗ ಶೇಷ 1 ಬರಬೇಕು ಎಂಬ ಪ್ರಮೇಯ ಅವನದೇ. 2ನ್ನು ಹಿಡಿದು ಪರೀಕ್ಷಿಸಿದರೆ ನಮ್ಮ ಸಂಖ್ಯೆ ಸಲೀಸಾಗಿ ಪಾಸಾಗುತ್ತದೆ. 3ನ್ನು ಹಿಡಿದರೆ ಫೇಲು. ಅದಕ್ಕೆ ಬೇಕಾದದ್ದು 32 ಸಲ ವರ್ಗ ಮಾಡುವ ತಾಳ್ಮೆ, ಅಷ್ಟೇ.

ಫರ್ಮಾನ ಆ ಐದು ಅವಿಭಾಜ್ಯಗಳನ್ನು ಗುಣಿಸಿ ನೋಡಿ: 4,29,49,67,295. ನಮ್ಮ ಸಂಖ್ಯೆಗೆ ಸರಿಯಾಗಿ ಎರಡು ಕಡಿಮೆ. ಸ್ಕೇಲು, ಕೈವಾರಗಳಿಂದಷ್ಟೇ ಎಳೆಯಬಹುದಾದ, ಎಲ್ಲ ಬಾಹುಗಳೂ ಕೋನಗಳೂ ಸಮವಾದ ಬಹುಭುಜಗಳಲ್ಲಿ ಬಾಹುಗಳ ಸಂಖ್ಯೆ ಬೆಸವಾಗಿದ್ದರೆ, ಅದು ಫರ್ಮಾ ಅವಿಭಾಜ್ಯವಾಗಿರಬೇಕು (ಅಂದರೆ ಫರ್ಮಾನ ಸರಣಿಯಲ್ಲಿನ ಅವಿಭಾಜ್ಯ) ಅಥವಾ ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕು. ಇದರ ದಾರಿ ತೋರಿಸಿದವನು ಜರ್ಮನ್ ಗಣಿತಜ್ಞ ಗಾಸ್. ಆರನೆಯ ಫರ್ಮಾ ಅವಿಭಾಜ್ಯ ಇನ್ನೂ ಸಿಕ್ಕಿಲ್ಲ. ಹಾಗಾಗಿ ಬೆಸ ಬಾಹುಗಳ ಅಂಥ ಬಹುಭುಜಗಳಲ್ಲಿ ನಮಗೆ ಗೊತ್ತಿರುವ ಅತಿ ದೊಡ್ಡದಕ್ಕೆ ಬಾಹುಗಳು 4,29,49,67,295.