ಗೊರಕೆ ನಿಂತಾಗ ಕಿವಿಗೊಡಿ

ಗೊರಕೆಯ ವಿಚಾರದಲ್ಲಿ ಒಂದು ತಮಾಷೆ ಇದೆ. ಹೊಡೆಯುವವರೊಬ್ಬರನ್ನು ಬಿಟ್ಟು ಮನೆಯವರಿಗೆಲ್ಲ ಅದು ಕೇಳಿಸುತ್ತದೆ. "ನಾನಾ? ಗೊರಕೆನಾ? ನಾನಿನ್ನೂ ಎಚ್ಚರ ಇದ್ದೆ" ಅನ್ನುವ ವಾದ ಬೇರೆ. ನಾವೂ ಅಷ್ಟೇ, ಕುಂಭಕರ್ಣನ ನಿದ್ದೆ, ಪುಣ್ಯವಂತರು ಅಂತ ನಕ್ಕು ಸುಮ್ಮನಾಗುತ್ತೇವೆ. ಆದರೆ ಜೋರಾಗಿ ಗೊರಕೆ ಹೊಡೆಯುವ ಎಷ್ಟೋ ಜನರಿಗೆ ರಾತ್ರಿಯಿಡೀ ಸರಿಯಾದ ನಿದ್ದೆಯೇ ಸಿಕ್ಕಿರುವುದಿಲ್ಲ.

ಒಂದು ರಾತ್ರಿ ಪಕ್ಕದಲ್ಲಿ ಎಚ್ಚರವಿದ್ದು ಗಮನಿಸಿ. ಗೊರಕೆ ಏರುತ್ತಾ ಏರುತ್ತಾ ಹೋಗಿ ಥಟ್ಟನೆ ನಿಲ್ಲುತ್ತದೆ. ಸದ್ಯ, ನಿಂತಿತಲ್ಲ ಅಂತ ನೀವು ಮಗ್ಗುಲು ಬದಲಿಸುತ್ತೀರಿ. ಬದಲಿಸಬೇಡಿ, ಎಣಿಸಿ. ಹತ್ತು, ಹದಿನೈದು, ಇಪ್ಪತ್ತು ಸೆಕೆಂಡು. ಎದೆ ಹೊಟ್ಟೆ ಎರಡೂ ಏದುತ್ತಿರುತ್ತವೆ, ಆದರೆ ಮೂಗಿನ ಹತ್ತಿರ ಬೆರಳಿಟ್ಟರೆ ಗಾಳಿಯೇ ಇಲ್ಲ. ಆಮೇಲೆ ಮೈ ಒಮ್ಮೆ ಅದುರಿ, ಗಕ್ ಅಂತ ಗಂಟಲು ಬಿಚ್ಚಿ, ನೀರಲ್ಲಿ ಮುಳುಗಿ ಎದ್ದವರ ಹಾಗೆ ಉಸಿರೆಳೆದು, ಮತ್ತೆ ಗೊರಕೆ ಶುರು. ಕಾಯಿಲೆ ಇರುವುದು ಗದ್ದಲದಲ್ಲಲ್ಲ, ನಡುವಿನ ಆ ಮೌನದಲ್ಲಿ. ಅದಕ್ಕೆ ಸ್ಲೀಪ್ ಅಪ್ನಿಯಾ ಅಂತ ಹೆಸರು.

ಆಗುವುದು ಇಷ್ಟೇ. ಉಸಿರುನಾಳದ ಕೆಳಭಾಗಕ್ಕೆ ಗಟ್ಟಿ ಬಳೆಗಳ ಆಸರೆ ಇದೆ, ಅದು ಮುಚ್ಚಿಕೊಳ್ಳುವುದಿಲ್ಲ. ನಾಲಿಗೆಯ ಹಿಂದಿನ ಜಾಗಕ್ಕೆ ಅಂಥ ಆಸರೆ ಇಲ್ಲ, ಅದನ್ನು ತೆರೆದು ಹಿಡಿದಿರುವುದು ಸ್ನಾಯುಗಳು ಮಾತ್ರ. ನಿದ್ದೆ ಬಂದಾಗ ಅವೂ ಸಡಿಲ. ದಾರಿ ಕಿರಿದಾಗಿ ಅಂಗುಳ, ಕಿರುನಾಲಿಗೆ ಪಟಪಟ ಅದುರಿದರೆ ಅದು ಗೊರಕೆ. ಪೂರ್ತಿ ಅಂಟಿಕೊಂಡರೆ ಅಪ್ನಿಯಾ. ಒದ್ದೆಯಾದ ಕಾಗದದ ಸ್ಟ್ರಾದಲ್ಲಿ ಜೋರಾಗಿ ಹೀರಿ ನೋಡಿ, ಎಳೆದಷ್ಟೂ ಅಂಟಿಕೊಳ್ಳುತ್ತದೆ, ಅಲ್ವಾ? ಅದೇ ಕಥೆ.

ಉಸಿರು 10 ಸೆಕೆಂಡಾದರೂ ನಿಂತರೆ ಡಾಕ್ಟರುಗಳು ಅದನ್ನು ಒಂದು ಸಲ ಅಂತ ಲೆಕ್ಕ ಹಾಕುತ್ತಾರೆ. ಪೂರ್ತಿ ನಿಲ್ಲದೆ ತುಂಬಾ ಕುಗ್ಗಿದ್ದೂ ಲೆಕ್ಕಕ್ಕೆ ಸೇರುತ್ತದೆ. ಗಂಟೆಗೆ 5ರೊಳಗೆ ಇದ್ದರೆ ಚಿಂತೆಯಿಲ್ಲ, 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಅಂದರೆ ಎರಡು ನಿಮಿಷಕ್ಕೊಮ್ಮೆ ಯಾರೋ ಬಂದು ಕತ್ತು ಹಿಸುಕಿ ಬಿಟ್ಟ ಹಾಗೆ, ಬೆಳಗಿನವರೆಗೆ. ಪ್ರತಿ ಸಲವೂ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಾಗಿ ಕ್ಷಣಕಾಲ ಎಚ್ಚರಗೊಳ್ಳುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಏರುತ್ತದೆ. ಈ ಎಚ್ಚರ ಎಷ್ಟು ಚಿಕ್ಕದೆಂದರೆ ಬೆಳಿಗ್ಗೆ ಒಂದೂ ನೆನಪಿರುವುದಿಲ್ಲ. ಎಂಟು ಗಂಟೆ ಮಲಗಿದ್ದೆ, ಆದರೂ ಯಾಕೋ ಸುಸ್ತು ಅಂತಾರಲ್ಲ, ಅದು ಇದಕ್ಕೇ ಇರಬಹುದು.

ರಾತ್ರಿ ಹೊತ್ತು ಬಿಪಿ ಸಹಜವಾಗಿ ಇಳಿದು ಹೃದಯ, ರಕ್ತನಾಳಗಳಿಗೆ ಸ್ವಲ್ಪ ಬಿಡುವು ಸಿಗಬೇಕು. ಇವರಿಗೆ ಆ ಬಿಡುವೇ ಇಲ್ಲ. ಮೂರು ಮೂರು ಮಾತ್ರೆ ನುಂಗಿದರೂ ಬಿಪಿ ಇಳಿಯದಿದ್ದರೆ ಗೊರಕೆ ಇದೆಯಾ ಅಂತ ಮೊದಲು ಕೇಳಬೇಕು. ಹೃದಯದ ಬಡಿತ ತಾಳ ತಪ್ಪುವುದು, ಪಾರ್ಶ್ವವಾಯು, ಶುಗರ್ ಇವೂ ಅಪ್ನಿಯಾ ಇರುವವರಲ್ಲಿ ಜಾಸ್ತಿ. ಸ್ಟೀರಿಂಗ್ ಹಿಡಿದು ತೂಕಡಿಸುವುದಂತೂ ಬೇರೆಯವರ ಜೀವಕ್ಕೂ ಅಪಾಯ.

ಯಾರೂ ಗಮನಿಸದ ಇನ್ನೊಂದು ಸುಳಿವು ಇದೆ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು. ಗಂಟಲು ಮುಚ್ಚಿಕೊಂಡಾಗ ಎದೆ ಬಲವಾಗಿ ಎಳೆಯುತ್ತದೆ, ಗಾಳಿಯ ಬದಲು ರಕ್ತ ಹೃದಯದ ಕಡೆ ನುಗ್ಗುತ್ತದೆ. ಹೃದಯದ ಗೋಡೆ ಹಿಗ್ಗಿ, ಮೈಯಲ್ಲಿ ನೀರು ಜಾಸ್ತಿಯಾಗಿದೆ ಅಂತ ಅದು ತಪ್ಪು ತಿಳಿದು, ನೀರು ಹೊರಹಾಕಿ ಅಂತ ಕಿಡ್ನಿಗೆ ಹೇಳುವ ಹಾರ್ಮೋನ್ ಬಿಡುತ್ತದೆ. ಪ್ರಾಸ್ಟೇಟ್ ಅಂದುಕೊಂಡು ಓಡಾಡುವ ಕೆಲವರ ತೊಂದರೆ ನಿಜವಾಗಿ ಗಂಟಲಿನದು!

ಗೊರಕೆ ಹೊಡೆಯುವವರಿಗೆಲ್ಲ ಈ ಕಾಯಿಲೆ ಇದೆ ಅಂತಲ್ಲ. ನೆಗಡಿಯಾದಾಗ, ಅಂಗಾತ ಮಲಗಿದಾಗ ಯಾರಿಗಾದರೂ ಬರುತ್ತದೆ. ಕತ್ತಿನ ಸುತ್ತಳತೆ 40 ಸೆಂಟಿಮೀಟರ್ ಮೀರಿದ್ದರೆ, ತೂಕ ಜಾಸ್ತಿ ಇದ್ದರೆ ಅನುಮಾನ ಹೆಚ್ಚು. ಆದರೆ ದವಡೆ ಹಿಂದೆ ಸರಿದಿರುವ ತೆಳ್ಳಗಿನವರಿಗೂ ಬರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಅಪಾಯ ಏರುತ್ತದೆ. ಅವರು ಗೊರಕೆ ಅನ್ನುವ ಬದಲು ಸುಸ್ತು, ನಿದ್ದೆ ಬರಲ್ಲ ಅಂತ ಹೇಳಿಕೊಳ್ಳುವುದರಿಂದ ಎಷ್ಟೋ ಸಲ ಪರೀಕ್ಷೆಯೇ ಆಗುವುದಿಲ್ಲ. ಮಕ್ಕಳ ಲೆಕ್ಕ ಬೇರೆ. ಬಾಯಿ ತೆರೆದು ಮಲಗಿ ದಿನಾ ಗೊರಕೆ ಹೊಡೆಯುವ ಮಗು ಹಗಲು ತೂಕಡಿಸುವ ಬದಲು ಎಷ್ಟೋ ಸಲ ಒಂದು ಕಡೆ ಕೂರದೆ ಚಡಪಡಿಸುತ್ತದೆ. ಟಾನ್ಸಿಲ್, ಮೂಗಿನ ಹಿಂಭಾಗದಲ್ಲಿ ಊದಿಕೊಳ್ಳುವ ಅಡೆನಾಯ್ಡ್ ತೆಗೆಸಿದರೆ ಬಹಳ ಮಕ್ಕಳು ಸರಿಹೋಗುತ್ತಾರೆ.

ಅನುಮಾನ ಬಂದರೆ ಮೊಬೈಲಿನಲ್ಲಿ ಅರ್ಧ ಗಂಟೆ ವಿಡಿಯೋ ಮಾಡಿ, ಡಾಕ್ಟರಿಗೆ ತೋರಿಸಿ. ನಾನು ಹೊಡೆಯಲ್ಲ ಅನ್ನುವ ವಾದವೂ ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರು, ಆಮ್ಲಜನಕ ಅಳೆಯುವ ಪರೀಕ್ಷೆ. ಆಸ್ಪತ್ರೆಯಲ್ಲೂ ಮಾಡುತ್ತಾರೆ, ಬೆರಳಿಗೆ, ಮೂಗಿಗೆ, ಎದೆಗೆ ಸಣ್ಣ ಸಾಧನ ಕಟ್ಟಿಕೊಂಡು ಮನೆಯಲ್ಲೂ ಮಾಡಿಕೊಳ್ಳಬಹುದು.

ಮೂಗಿಗೆ ಅಂಟಿಸುವ ಪಟ್ಟಿ ತಂದು ಕಾಯಿಲೆ ಹೋಯಿತು ಅಂದುಕೊಳ್ಳಬೇಡಿ. ಅಡ್ಡಿ ಇರುವುದು ಗಂಟಲಲ್ಲಿ, ಮೂಗು ಅರಳಿಸಿ ಏನು ಬಂತು? ಕುಡಿತ, ನಿದ್ದೆ ಮಾತ್ರೆ ಎರಡೂ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಮಗ್ಗುಲಾಗಿ ಮಲಗುವುದರಿಂದ ಕೆಲವರಿಗೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ, ಅದಕ್ಕೇ ಅಂಗಿಯ ಬೆನ್ನಿಗೆ ಟೆನಿಸ್ ಚೆಂಡು ಹೊಲಿದುಕೊಳ್ಳುವ ಹಳೇ ಉಪಾಯ. ತೂಕ ಶೇ. 10 ಇಳಿಸಿದರೆ ಉಸಿರು ನಿಲ್ಲುವ ಸಲ ಸುಮಾರು ಶೇ. 26 ಇಳಿಯುತ್ತದೆ ಅಂತ 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಲೆಕ್ಕ ಕೊಟ್ಟಿತ್ತು. ಬೊಜ್ಜಿನ ಜೊತೆ ಅಪ್ನಿಯಾ ಇರುವವರಿಗೆ ಟಿರ್ಜೆಪಟೈಡ್ ಅನ್ನುವ ತೂಕ ಇಳಿಸುವ ಇಂಜೆಕ್ಷನ್ ಕೊಡಲು ಅಮೆರಿಕ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದೆ. ಅಷ್ಟು ತೀವ್ರವಲ್ಲದವರಿಗೆ ಕೆಳದವಡೆಯನ್ನು ಮುಂದೆ ಹಿಡಿದಿಡುವ ಹಲ್ಲಿನ ಅಚ್ಚು ಇದೆ. ಡಿಜೆರಿಡೂ ಅನ್ನುವ ಆಸ್ಟ್ರೇಲಿಯಾದ ಉದ್ದನೆಯ ಕಹಳೆಯನ್ನು ನಾಲ್ಕು ತಿಂಗಳು ಊದಿಸಿ, ಗಂಟಲ ಸ್ನಾಯು ಗಟ್ಟಿಯಾಗುತ್ತಾ ಅಂತ ನೋಡಿದವರೂ ಇದ್ದಾರೆ. 2006ರ ಆ ಸಣ್ಣ ಪ್ರಯೋಗದಲ್ಲಿ ನಿಜವಾಗಿಯೂ ಸ್ವಲ್ಪ ಗುಣ ಕಂಡಿತು. ಪಕ್ಕದ ಮನೆಯವರ ನಿದ್ದೆ ಏನಾಯಿತೋ!

ಆದರೆ ತೀವ್ರವಾಗಿದ್ದರೆ, ಮಾಸ್ಕಿನ ಮೂಲಕ ಗಾಳಿ ಊದುವ ಸಿಪ್ಯಾಪ್ ಯಂತ್ರವೇ ಮೊದಲ ಮದ್ದು. ಅದು ಬರುವ ಮುಂಚೆ ಖಾತ್ರಿಯ ಚಿಕಿತ್ಸೆ ಅಂದರೆ ಕುತ್ತಿಗೆಯಲ್ಲಿ ತೂತು ಮಾಡಿ ಕೊಳವೆ ಇಡುವುದಾಗಿತ್ತು. 1980ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್, ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ಹೀರುವ ಬದಲು ಊದುವ ಹಾಗೆ ಜೋಡಿಸಿ, ಮೂಗಿನ ಮೂಲಕ ಗಾಳಿ ಒತ್ತಿ ನೋಡಿದರು. ಗಂಟಲು ತೆರೆದೇ ಉಳಿಯಿತು. ಮರುವರ್ಷ ಐವರು ರೋಗಿಗಳ ವಿವರ ಪ್ರಕಟಿಸಿದರು. ಇದು ಆಕ್ಸಿಜನ್ ಯಂತ್ರ ಅಂತ ಬಹಳ ಜನ ತಿಳಿದಿದ್ದಾರೆ, ಅಲ್ಲ. ಕೋಣೆಯ ಗಾಳಿಯನ್ನೇ ಹದವಾದ ಒತ್ತಡದಲ್ಲಿ ಊದುತ್ತದೆ, ಅಷ್ಟೇ.

ಕಷ್ಟ ಇರುವುದು ಅದನ್ನು ದಿನಾ ಹಾಕಿಕೊಳ್ಳುವುದರಲ್ಲಿ. ಹೃದಯ, ರಕ್ತನಾಳದ ತೊಂದರೆ ಇದ್ದ 2,700ಕ್ಕೂ ಹೆಚ್ಚು ಜನರ ಮೇಲೆ ನಡೆದ 2016ರ ಪ್ರಯೋಗದಲ್ಲಿ ತೂಕಡಿಕೆ ಇಳಿಯಿತು, ಆದರೆ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಯಂತ್ರ ಕೊಟ್ಟವರು ಅದನ್ನು ಹಾಕಿಕೊಂಡಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಉಳಿದ ಹೊತ್ತು ಪಕ್ಕಕ್ಕಿಟ್ಟ ಯಂತ್ರ ಏನು ಮಾಡೀತು ಅಂತ ನನಗನ್ನಿಸುತ್ತದೆ. ಮಾಸ್ಕಿನ ಅಂಚಿನಿಂದ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತದೆ, ಮೂಗು ಒಣಗುತ್ತದೆ, ಪಟ್ಟಿ ಕೆನ್ನೆಯ ಮೇಲೆ ಗೆರೆ ಮೂಡಿಸುತ್ತದೆ. ಮಾಸ್ಕಿನ ಅಳತೆ ಬದಲಿಸಿದರೆ, ಗಾಳಿಗೆ ತೇವ ಕೊಡುವ ನೀರಿನ ಡಬ್ಬಿ ಜೋಡಿಸಿದರೆ ಇದರಲ್ಲಿ ಬಹುಪಾಲು ಸರಿಹೋಗುತ್ತದೆ. ಹಗಲು ಟಿವಿ ನೋಡುವಾಗ ಸುಮ್ನೆ ಅರ್ಧ ಗಂಟೆ ಹಾಕಿಕೊಂಡರೂ ಅಭ್ಯಾಸವಾಗುತ್ತದೆ.

ಮೊದಲ ರಾತ್ರಿ ಪಕ್ಕದವರಿಗೂ ನಿದ್ದೆ ಹತ್ತುವುದಿಲ್ಲ. ವರ್ಷಗಟ್ಟಲೆ ಗೊರಕೆ ಕೇಳಿದ ಕಿವಿ, ಸದ್ದೇ ಇಲ್ಲ ಅಂತ ಗಾಬರಿಯಾಗಿ ಎದ್ದು, ಎದೆಯ ಮೇಲೆ ಕೈಯಿಟ್ಟು ನೋಡುವುದೂ ಉಂಟು.