ಗಾಜಿನ ತೊಟ್ಟಿಯೊಳಗಿನ ಕೋಲಾರ

ಕೋಲಾರದ ಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋಗಿದ್ದೆ. ಎಂದಿನಂತೆ ಅಡುಗೆ ಸೋಡಾದ ಜ್ವಾಲಾಮುಖಿ ಉಕ್ಕುತ್ತಿತ್ತು. ಪಕ್ಕದ ಮೇಜಿನ ಮೇಲೆ ಮೀನಿನ ತೊಟ್ಟಿಗೆ ಮರಳು ತುಂಬಿ ಅಂತರ್ಜಲ ಮಾಡಿದ್ದರು. ಸ್ಟ್ರಾ ಚುಚ್ಚಿದರೆ ಬೋರ್‌ವೆಲ್, ಸಿರಿಂಜ್ ಎಳೆದರೆ ನೀರು. ಬುಡದಲ್ಲಿ ಒಂದು ನಲ್ಲಿ, ಅದರ ಮೇಲೆ ‘ಶುದ್ಧ ಅಂತರ್ಜಲ’ ಎಂಬ ಚೀಟಿ. ಚೆನ್ನಾಗಿತ್ತು. ಆದರೆ ಅದು ಮರಳು ತುಂಬಿದ ಗಂಗಾ ಬಯಲು, ಕೋಲಾರ ಅಲ್ಲ.

ನಮ್ಮ ಕಾಲ ಕೆಳಗಿರುವುದು ಬಂಡೆ. ಸುಮಾರು 250 ಕೋಟಿ ವರ್ಷ ಹಳೆಯದು, ಕೆಲವೆಡೆ ಇನ್ನೂ ಹಳೆಯದು. ಮೇಲ್ಪದರ ಮಳೆ ಬಿಸಿಲಿಗೆ ಕೊಳೆತು ಸಡಿಲವಾಗಿದೆ, ಹಿಂದಿನವರು ತೋಡು ಬಾವಿ ತೆಗೆದದ್ದು ಅಲ್ಲೇ. ಅದರ ಕೆಳಗೆ ಗಟ್ಟಿ ಕಲ್ಲು, ಅಲ್ಲಲ್ಲಿ ಬಿರುಕು. ಆಳಕ್ಕೆ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಬೋರು ಕೊರೆಸಿದಾಗ ಬರೀ ಧೂಳು ಏಳುವುದು ಅದಕ್ಕೇ.

ಈ ಕೊಳೆತ ಬಂಡೆಯ ಲೆಕ್ಕ ನನಗೆ ಬಹಳ ಇಷ್ಟ. ವರ್ಷಕ್ಕೆ 700 ಮಿಲಿಮೀಟರ್ ಮಳೆ ಅಂದುಕೊಳ್ಳಿ. ಅದರಲ್ಲಿ ಕೆಳಗೆ ಇಳಿಯುವುದು ಸುಮಾರು 50 ಮಿಲಿಮೀಟರ್, ಮೂರು ಬೆರಳಿನಷ್ಟು ನೀರು. ಮರಳಾಗಿದ್ದರೆ, ಅದರಲ್ಲಿ ನೀರು ತುಂಬುವ ಜಾಗ ನೂರಕ್ಕೆ 20 ಪಾಲಿದ್ದರೆ, ಬಾವಿಯ ನೀರು ಏರುವುದು 25 ಸೆಂಟಿಮೀಟರ್. ನಮ್ಮ ಕೊಳೆತ ಬಂಡೆಯಲ್ಲಿ ಜಾಗ ನೂರಕ್ಕೆ 2 ಪಾಲು ಅಂತಿಟ್ಟುಕೊಂಡರೆ ಅದೇ ನೀರು ಎರಡೂವರೆ ಮೀಟರ್ ಏರುತ್ತದೆ! ಗೋಲಿ ತುಂಬಿದ ಚೊಂಬಿಗೆ ಒಂದು ಲೋಟ ಹುಯ್ದು ನೋಡಿ, ಕಂಠಕ್ಕೆ ಬರುತ್ತದೆ. ಥರ್ಮಾಮೀಟರಿನ ಪಾದರಸವೂ ಹಾಗೇ, ಕೊಳವೆ ಸಣ್ಣದಾದ್ದರಿಂದ ಜಾಸ್ತಿ ಏರುತ್ತದೆ. ಬಡವನ ಜೇಬೂ ಹಾಗೇ ಅಲ್ವಾ, ನೂರು ರೂಪಾಯಿಗೇ ಉಬ್ಬುತ್ತದೆ. ಒಳ್ಳೆ ಮಳೆಯಾದ ವರ್ಷ ಬಾವಿ ತುಂಬಿತು ಎಂದು ಹಿಗ್ಗುತ್ತೇವೆ. ತುಂಬಿದ್ದು ಮೂರೇ ಬೆರಳು. ಪಂಪು ಹಾಕಿದರೆ ಇಳಿಯುವುದೂ ಅಷ್ಟೇ ಬೇಗ.

ಇದು ತಲೆಗೆ ಹೋಗದಂತೆ ಅಡ್ಡ ನಿಂತಿರುವುದು ‘ಭೂಮಿಯೊಳಗೆ ನದಿ ಹರಿಯುತ್ತೆ’ ಎಂಬ ನಂಬಿಕೆ. ಅಂತರಗಂಗೆ ಬೆಟ್ಟದಲ್ಲಿ ಬಸವನ ಬಾಯಿಂದ ಬರುವ ನೀರು ಕಾಶಿಯಿಂದ ಬರುತ್ತದೆ ಎನ್ನುವವರು ಈಗಲೂ ಇದ್ದಾರೆ. ಆ ಬೆಟ್ಟದ ಮೇಲೆ ಬಿದ್ದ ಮಳೆ ಬಿರುಕುಗಳಲ್ಲಿ ನಿಧಾನವಾಗಿ ಇಳಿದು ಬರುವುದೇ ಸಾಕಷ್ಟು ಸೊಗಸಾಗಿದೆ, ಕಾಶಿ ಯಾಕೆ ಬೇಕು? ಇನ್ನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರಿಗೆ ಪಾಯಿಂಟ್ ನೋಡುವವರು. ಕಾಯಿ ಎದ್ದು ನಿಂತರೆ ನೀರಂತೆ. 1833ರಲ್ಲೇ ಫ್ರಾನ್ಸಿನ ರಸಾಯನ ವಿಜ್ಞಾನಿ ಷೆವ್ರಲ್ ದಾರಕ್ಕೆ ಕಟ್ಟಿದ ಕಬ್ಬಿಣದ ಉಂಗುರದ ಮೇಲೆ ಇಂಥದ್ದೇ ಪರೀಕ್ಷೆ ಬರೆದಿಟ್ಟ. ಪಾದರಸದ ಮೇಲೆ ಹಿಡಿದರೆ ಉಂಗುರ ತೂಗುತ್ತಿತ್ತು. ಕಣ್ಣಿಗೆ ಬಟ್ಟೆ ಕಟ್ಟಿದ ಮೇಲೆ ತೂಗಲಿಲ್ಲ. ಅವನ ಕೈಯೇ ಅವನಿಗೆ ಗೊತ್ತಾಗದಂತೆ ಅಲುಗುತ್ತಿತ್ತು. ನಮ್ಮ ಗೌರಿಬಿದನೂರಿನ ಕಡೆಯ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದ್ದರು. ಅವರ ಜಿಲ್ಲೆಯಲ್ಲೂ ತೆಂಗಿನಕಾಯಿ ಹಿಡಿಯುವುದು ಇನ್ನೂ ನಿಂತಿಲ್ಲ, ಕಾಯಿ ಮಾತ್ರ ನಿಲ್ಲುತ್ತಲೇ ಇದೆ.

ಮಕ್ಕಳಿಗೆ ನನ್ನ ತಕರಾರು ಹೇಳಿದೆ. ಮಾರನೇ ದಿನ ಹೋದರೆ ಮರಳು ಖಾಲಿ! ಕಟಿಂಗ್ ಫ್ಯಾಕ್ಟರಿಯಿಂದ ಗ್ರಾನೈಟ್ ಚೂರು ತಂದು ಒತ್ತೊತ್ತಾಗಿ ಜೋಡಿಸಿದ್ದರು. ಒಂದು ಲೋಟ ಹುಯ್ದರೆ ನೀರು ಸರ್ರನೆ ಏರಿತು. ನೋಡುತ್ತಿದ್ದ ರೈತರೊಬ್ಬರು, “ಕೆ.ಸಿ. ವ್ಯಾಲಿ ನೀರು ಬಂದಾಗ ನಮ್ ಬಾವಿ ಹಿಂಗೇ ಏರ್ತು” ಅಂದರು. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ (ಅದೇ ಕೆ.ಸಿ. ವ್ಯಾಲಿ) ಸಂಸ್ಕರಿಸಿದ ಕೊಳಚೆ ನೀರು ಇಲ್ಲಿನ ಕೆರೆಗಳಿಗೆ ಬರುತ್ತಿದೆಯಲ್ಲ, ಅದರ ಮಾತು.

ಆಗ ಒಬ್ಬ ಹುಡುಗಿ ಅರಿಶಿನ ಕದಡಿದ ನೀರು ಹುಯ್ದಳು. ಹಿಂದಿನ ದಿನ ಮರಳು ಅದನ್ನು ಮೇಲೆಯೇ ಹಿಡಿದಿಟ್ಟುಕೊಂಡಿತ್ತಂತೆ. ಬಿರುಕು ಏನನ್ನೂ ಸೋಸುವುದಿಲ್ಲ. ಅರ್ಧ ನಿಮಿಷವೂ ಆಗಲಿಲ್ಲ, ‘ಶುದ್ಧ ಅಂತರ್ಜಲ’ ಚೀಟಿಯ ಕೆಳಗಿನ ನಲ್ಲಿಯಲ್ಲಿ ಹಳದಿ ನೀರು ತೊಟ್ಟಿಕ್ಕತೊಡಗಿತು. ಅವಳು ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡಳು.